ಒಂಬತ್ತರಲ್ಲಿ ನಿಂತ ಚೀನೀ ಪಾಠ

ದಾನಗಳಲ್ಲೆಲ್ಲ ವಿದ್ಯಾದಾನವೇ ಶ್ರೇಷ್ಠ ಎಂದು ಹಿರಿಯರು ಹೇಳಿದ್ದಾರೆ. ಹಾಗೆ ಹೇಳಿದ ಹಿರಿಯರಲ್ಲಿ ಯಾರೂ ಅದನ್ನು ಒಂದು ವಿಶ್ವವಿದ್ಯಾನಿಲಯಕ್ಕೆ ಕೊಡಲು ಹೋಗಿ ನೋಡಿರಲಿಲ್ಲ ಎಂಬುದು ಸ್ಪಷ್ಟ. ಅನ್ನದಾನವಾದರೆ ಎಲೆ ಹಾಕಿ ಬಡಿಸಿದರೆ ಮುಗಿಯಿತು. ಉಂಡವನು ಕೈತೊಳೆದು ಎದ್ದು ಹೋಗುತ್ತಾನೆ. ವಿದ್ಯಾದಾನವನ್ನು ಸ್ವೀಕರಿಸಬೇಕಾದರೆ ಮೊದಲು ಒಂದು ಉಪಸಮಿತಿಯಾಗಬೇಕು.

ಈ ಸತ್ಯ ನನಗೆ ಮನದಟ್ಟಾದದ್ದು ಒಬ್ಬರ ಸಹವಾಸದಿಂದ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಅವರೂ ಅದನ್ನು ಯಾವ ಕಲ್ಲಿನ ಮೇಲೂ ಕೆತ್ತಿಸಲಿಲ್ಲ, ನಮ್ಮ ಸಮುದಾಯದಲ್ಲಿ ಇದು ಅಪರೂಪದ ಗುಣ. ಶಿಕಾಗೋ ಬಳಿಯ ವುಡ್‌ರಿಡ್ಜ್‌ನ ನಮ್ಮ ಬಡಾವಣೆಯ ಮಕ್ಕಳು ಅವರನ್ನು ‘ಚೀನಾ ಅಂಕಲ್’ ಎಂದು ಕರೆಯುತ್ತಿದ್ದರು. ಅವರು ಚೀನಾಕ್ಕೆ ಹೋದವರಲ್ಲ. ಚೀನೀ ಊಟವನ್ನು ‘ಬೇಯುವ ಮೊದಲೇ ಇಳಿಸಿದ ತರಕಾರಿ’ ಎಂದು ತಿರಸ್ಕರಿಸುತ್ತಿದ್ದರು. ಮಿಶಿಗನ್ನಿನ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಒಂದು ಕಾರು ಕಾರ್ಖಾನೆಯಲ್ಲಿ ಬಹುಕಾಲ ಇಂಜಿನಿಯರಾಗಿದ್ದು, ತೊಂಬತ್ತರ ದಶಕದ ಕೊನೆಗೆ ಕಂಪನಿ ‘ದಯವಿಟ್ಟು ಬೇಗ ನಿವೃತ್ತರಾಗಿ’ ಎಂದು ಕೈಮುಗಿದಾಗ ಒಪ್ಪಿಕೊಂಡು, ಮಗಳ ಮನೆಗೆ ಹತ್ತಿರವೆಂದು ನಮ್ಮ ಕಡೆ ಬಂದವರು. ಹೀಗಾಗಿ ನಮ್ಮ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಅವರ ಸ್ಥಾನ ವಿಚಿತ್ರವಾಗಿತ್ತು: ಶಿಕಾಗೋ ಶಾಖೆಯವರು ‘ಡೆಟ್ರಾಯಿಟ್‌ನವರು’ ಎನ್ನುತ್ತಿದ್ದರು, ಡೆಟ್ರಾಯಿಟ್ ಶಾಖೆಯವರು ‘ಬಿಟ್ಟುಹೋದವರು’ ಎನ್ನುತ್ತಿದ್ದರು. ಚಂದಾ ಮಾತ್ರ ಇಬ್ಬರೂ ವಸೂಲು ಮಾಡುತ್ತಿದ್ದರು.

ನೋಡಲು ತೆಳ್ಳಗೆ, ಉದ್ದ. ಜುಲೈ ತಿಂಗಳಲ್ಲೂ ತಲೆಗೆ ಉಣ್ಣೆಯ ಟೋಪಿ. ಹೈವೇಯಲ್ಲಿ ಬಲಗಡೆಯ ನಿಧಾನದ ಲೇನ್ ಹಿಡಿದರೆಂದರೆ ಎಕ್ಸಿಟ್ ಬರುವವರೆಗೆ ಬಿಡುತ್ತಿರಲಿಲ್ಲ. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆದರೆ ಕನ್ನಡಿಯಲ್ಲಿ ನೋಡಿ, ‘ಪಾಪ, ಅವನಿಗೇನೋ ಅವಸರ’ ಎಂದು ವೇಗವನ್ನು ಇನ್ನೂ ಸ್ವಲ್ಪ ಕಡಿಮೆ ಮಾಡುತ್ತಿದ್ದರು. ಯಾರಾದರೂ ಅಸಂಬದ್ಧ ಮಾತಾಡಿದರೆ ಎದುರಾಡುತ್ತಿರಲಿಲ್ಲ. ಎಡಗೆನ್ನೆಯನ್ನು ಬೆರಳಿನಿಂದ ಒತ್ತಿ ಹಿಡಿದು ಸುಮ್ಮನೆ ಕೇಳುತ್ತಿದ್ದರು. ನಮ್ಮ ಸಂಘದ ಸಭೆಗಳಲ್ಲಿ ಅವರ ಬೆರಳು ಕೆನ್ನೆಯಿಂದ ಇಳಿದದ್ದನ್ನು ನಾನು ಕಂಡಿಲ್ಲ.

ನಮ್ಮವರ ಸಭೆಗಳ ಸ್ವಭಾವ ಬಲ್ಲವರೇ ಬಲ್ಲರು. ಬೇಸ್‌ಮೆಂಟಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಇಡೀ ಮಧ್ಯಾಹ್ನ ಕೂತು ಏನನ್ನೂ ತೀರ್ಮಾನಿಸುವುದಿಲ್ಲ. ತೀರ್ಮಾನವಾಗುವುದು ಆಮೇಲೆ, ‘ಸರಿ, ಬರ್ತೀವಿ’ ಎಂದು ಎದ್ದು ಮುಂಬಾಗಿಲಿಗೆ ಬಂದು, ರಾಶಿ ಬಿದ್ದ ಪಾದರಕ್ಷೆಗಳಲ್ಲಿ ತಮ್ಮದನ್ನು ಹುಡುಕುತ್ತ ಮತ್ತೊಂದು ಗಂಟೆ ನಿಂತಾಗ. ಮಕ್ಕಳು ಕಾರಿನಲ್ಲಿ ಕೂತು ಹಾರ್ನ್ ಮಾಡುತ್ತಿರುತ್ತಾರೆ. ಚಳಿಗಾಲವಾದರೆ ಮನೆಯ ಬಿಸಿಯೆಲ್ಲ ತೆರೆದ ಬಾಗಿಲಿಂದ ಹೊರಟು ಇಡೀ ಕೌಂಟಿಯನ್ನು ಬೆಚ್ಚಗಿಡುತ್ತಿರುತ್ತದೆ. ಸಂಘದ ಅಧ್ಯಕ್ಷರ ಆಯ್ಕೆ, ಪಿಕ್‌ನಿಕ್ಕಿನ ಪುಳಿಯೋಗರೆ, ಯಾರದೋ ಮಗಳಿಗೆ ಗಂಡು, ಎಲ್ಲ ನಿಶ್ಚಯವಾಗುವುದು ಆಗಲೇ.

ಈ ಗುಟ್ಟನ್ನು ಮೊದಲು ಅರಿತವರು ಚೀನಾ ಅಂಕಲ್. ಸಭೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮುಕ್ತಾಯವಾಗುತ್ತಲೇ ಎಲ್ಲರಿಗಿಂತ ಮುಂಚೆ ಮೇಲೆ ಹೋಗಿ, ಶೂಗಳ ರಾಶಿಯ ಪಕ್ಕದ ಗಿಡ್ಡ ಸ್ಟೂಲಿನ ಮೇಲೆ ಕೂತುಬಿಡುತ್ತಿದ್ದರು. ಬಂದವರ ಶೂಗಳನ್ನು ತಾವೇ ಹುಡುಕಿಕೊಡುತ್ತಿದ್ದರು, ಆದರೆ ಒಂದೊಂದಾಗಿ.

‘ಕೂತವನು ಚರ್ಚೆ ಮಾಡ್ತಾನೆ, ಒಂಟಿಕಾಲಲ್ಲಿ ನಿಂತವನು ಒಪ್ಕೋತಾನೆ’ ಎಂಬುದು ಅವರ ಸೂತ್ರ.

ಅವರು ಎಲ್ಲರನ್ನೂ ಒಪ್ಪಿಸಬೇಕೆಂದಿದ್ದದ್ದು ಒಂದೇ ವಿಷಯಕ್ಕೆ. ನಾವೆಲ್ಲ ಓದಿದ, ಬ್ರಿಟಿಷರ ಕಾಲದಲ್ಲಿ ಕಟ್ಟಿದ, ಗಡಿಯಾರ ನಿಂತರೂ ಗೋಪುರ ನಿಂತಿರುವ ಆ ವಿಶ್ವವಿದ್ಯಾನಿಲಯದಲ್ಲಿ ಚೀನೀ ಭಾಷೆಯ ಪಾಠ ಶುರುವಾಗಬೇಕು.

ಮೊದಲ ಸಲ ಇದನ್ನು ಅವರು ಹೇಳಿದ್ದು ಬೇಸಿಗೆಯ ಪಿಕ್‌ನಿಕ್ಕಿನಲ್ಲಿ. ಸಂಘದ ಅಧ್ಯಕ್ಷರು ಡೌನರ್ಸ್ ಗ್ರೋವ್‌ನ ಹೃದ್ರೋಗ ತಜ್ಞರು, ನಾವೆಲ್ಲ ‘ಡಾಕ್ಟ್ರು’ ಎನ್ನುವವರು. ಅವರ ಮನಸ್ಸಿನಲ್ಲಿದ್ದದ್ದು ವಿಶ್ವವಿದ್ಯಾನಿಲಯಕ್ಕೆ ಒಂದು ಮಹಾದ್ವಾರ. ದಾನಿಗಳ ಹೆಸರೆಲ್ಲ ಎರಡು ಕಂಬಗಳ ಮೇಲೆ ಬರಬೇಕು. ಬಲಗಂಬ ಶಿಕಾಗೋಗೋ ಡೆಟ್ರಾಯಿಟ್‌ಗೋ ಎಂಬ ಚರ್ಚೆ ಆಗಲೇ ಎರಡು ಪಿಕ್‌ನಿಕ್ಕುಗಳನ್ನು ತಿಂದಿತ್ತು.

‘ಚೀನೀ ಭಾಷೆ ಯಾಕೆ ಸಾರ್?’ ಎಂದರು ಡಾಕ್ಟ್ರು, ಕಾಳಜಿಯಿಂದ, ರೋಗಿಯನ್ನು ಕೇಳುವ ಧ್ವನಿಯಲ್ಲಿ. ‘ನಮ್ಮ ಹುಡುಗರಿಗೆ ಇಂಗ್ಲಿಷೇ ಸರಿಯಾಗಿ ಬರಲ್ಲ.’

‘ಮಹಾದ್ವಾರ ಬಂದ್ರೆ ಇಂಗ್ಲಿಷ್ ಬರುತ್ತಾ?’

‘ಅದಲ್ಲ ಸಾರ್, ಅದು ಕಣ್ಣಿಗೆ ಕಾಣುತ್ತೆ.’

ಪಕ್ಕದಲ್ಲಿ ಜೋಳ ಸುಡುತ್ತಿದ್ದ ಖಾಜಾಸಾಹೇಬರು ನಕ್ಕರು. ಅವರು ಹುಬ್ಬಳ್ಳಿಯ ಕಡೆಯವರು, ನಮ್ಮದೇ ವಿಶ್ವವಿದ್ಯಾನಿಲಯದ ಪದವೀಧರರು, ಒಂದು ಡಾಲರ್ ಅಂಗಡಿಯ ಮಾಲೀಕರು. ‘ಸರ, ನನ್ ಅಂಗಡ್ಯಾಗಿನ ಮಾಲೆಲ್ಲಾ ಚೀನಾದಿಂದನ ಬರತೈತಿ. ನನಗ ಒಂದ್ ಅಕ್ಷರ ಬರಂಗಿಲ್ಲ. ಆದ್ರೂ ಹದಿನೈದು ವರ್ಷ ಧಂದೆ ನಡದೈತಿ. ಬಂದಿದ್ರ ಏನಾಕ್ಕಿತ್ತು?’

‘ನಿಮಗೆ ಮೋಸ ಮಾಡೋವಾಗ ಏನ್ ಮಾತಾಡ್ಕೋತಾರೆ ಅಂತ ತಿಳೀತಿತ್ತು’ ಎಂದರು ಚೀನಾ ಅಂಕಲ್.

ಖಾಜಾಸಾಹೇಬರು ಜೋಳವನ್ನು ತಿರುಗಿಸುವುದನ್ನು ಮರೆತರು. ಆ ದಿನದಿಂದ ಅವರು ನಮ್ಮ ಸಂಘದಲ್ಲಿ ಚೀನೀ ಪಕ್ಷದ ಎರಡನೆಯ ಸದಸ್ಯರಾದರು.

ಈ ಚೀನೀ ಹಟದ ಕಾರಣ ನನಗೆ ತಿಳಿದದ್ದು ಚೀನಾ ಅಂಕಲ್ ಅವರ ಹೆಂಡತಿಯಿಂದ. ಒಮ್ಮೆ ಅವರ ಮನೆಗೆ ಹೋದಾಗ ಮೊಮ್ಮಗಳು ಸ್ಕೂಲಿನಲ್ಲಿ ಕಲಿತ ಚೀನೀ ಎಣಿಕೆಯನ್ನು ಅಡುಗೆಮನೆಯಲ್ಲಿ ಒಪ್ಪಿಸುತ್ತಿದ್ದಳು. ಒಂದು, ಎರಡು, ಮೂರು ಎಂದು ಅವರು ಜೊತೆಗೂಡಿ ಹೇಳುತ್ತ ತಲೆದೂಗುತ್ತಿದ್ದರು. ಒಂಬತ್ತು ಬಂದ ತಕ್ಷಣ ಎರಡೂ ಕಿವಿ ಮುಚ್ಚಿಕೊಂಡು ಗ್ಯಾರೇಜಿಗೆ ಓಡಿದರು.

‘ಗ್ರ್ಯಾಂಪಾ, ಇಟ್ಸ್ ಜಸ್ಟ್ ಟೆನ್!’ ಎಂದು ಹುಡುಗಿ ಕೂಗಿದಳು.

‘ಅವರಿಗೆ ಹತ್ತು ಬೇಡ ಪುಟ್ಟಿ’ ಎಂದು ಆಂಟಿ ನನ್ನ ಕಡೆ ತಿರುಗಿದರು. ‘ನೋಡಿ, ಬೇರೆಯವರ ಮನೇಲಿ ಗಂಡಸರು ಈರುಳ್ಳಿ ಬಿಡ್ತಾರೆ, ಸಿಹಿ ಬಿಡ್ತಾರೆ. ನಮ್ಮವರು ಹತ್ತು ಬಿಟ್ಟಿದಾರೆ.’

ಕಥೆ ಇಷ್ಟು. ಅವರು ವಿದ್ಯಾರ್ಥಿಯಾಗಿದ್ದಾಗ ಆ ಊರಿನಲ್ಲಿ ಒಬ್ಬ ಚೀನೀ ದಂತವೈದ್ಯರಿದ್ದರು. ಹಗಲು ಮಾರುಕಟ್ಟೆಯ ಹತ್ತಿರ ಹಲ್ಲು ಕೀಳುತ್ತಿದ್ದರು. ಸಂಜೆ ವಿಶ್ವವಿದ್ಯಾನಿಲಯದ ಒಂದು ಮೂಲೆಯ ಕೋಣೆಯಲ್ಲಿ ಆಸೆಪಟ್ಟವರಿಗೆ ಚೀನೀ ಭಾಷೆ ಕಲಿಸುತ್ತಿದ್ದರು. ಆಸೆಪಟ್ಟವರು ಐದಾರು ಜನ. ಬಹಳ ನಿಧಾನದ ಗುರು. ಒಂದು ಅಂಕಿ ಬಾಯಲ್ಲಿ ಸರಿಯಾಗಿ ಕೂರುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಒಂಬತ್ತು ಮುಗಿಸಿ, ‘ಹತ್ತು ನಾಳೆ’ ಎಂದು ಎದ್ದರು. ಅಷ್ಟರಲ್ಲಿ ಅರವತ್ತೆರಡರ ಚೀನಾ ಯುದ್ಧ ಬಂದಿತ್ತು. ಮಾರನೆಯ ದಿನ ಕೋಣೆಗೆ ಬೀಗ. ದಂತವೈದ್ಯರನ್ನು, ಅವರ ಹೆಂಡತಿಯನ್ನು ಪೊಲೀಸರು ರೈಲು ಹತ್ತಿಸಿ ಉತ್ತರದ ಯಾವುದೋ ಶಿಬಿರಕ್ಕೆ ಕಳಿಸಿದ್ದರು. ಊರಿನ ಅರ್ಧ ಜನರ ಬಾಯಲ್ಲಿ ಅವರು ತುಂಬಿದ ಸಿಮೆಂಟ್ ಇತ್ತು. ಯಾರೂ ಬಾಯಿ ತೆರೆಯಲಿಲ್ಲ.

ಅವರು ಮತ್ತೆ ಬರಲಿಲ್ಲ.

ಚೀನಾ ಅಂಕಲ್ ಒತ್ತಿ ಹಿಡಿಯುತ್ತಿದ್ದ ಎಡಗೆನ್ನೆಯ ಒಳಗೆ ಇದ್ದದ್ದು ಆ ಗುರುಗಳೇ ತುಂಬಿದ ಹಲ್ಲು. ಇಲ್ಲಿನ ದಂತವೈದ್ಯನೊಬ್ಬ ಅದನ್ನು ನೋಡಿ, ‘ಇದನ್ಯಾರು ತುಂಬಿದ್ದು? ಪುರಾತನ ಕಾಲದ್ದು. ತೆಗೆದು ಹೊಸದು ಹಾಕೋಣ’ ಎಂದನಂತೆ. ‘ಮುಟ್ಟಬೇಡ, ಅವರು ನನ್ನ ಗುರುಗಳು’ ಎಂದು ಕುರ್ಚಿಯಿಂದ ಇಳಿದುಬಂದವರು ಮತ್ತೆ ಆ ಕಡೆ ಹೋಗಲಿಲ್ಲ.

ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿ ಅವರ ಪಕ್ಕದ ಮೇಜಿನವರು ಒಬ್ಬ ಚೀನೀಯರು, ಮಧ್ಯಾಹ್ನದ ಡಬ್ಬಿ ಬಿಚ್ಚುವ ಜೊತೆಗಾರರು. ಹತ್ತನ್ನು ಯಾವಾಗ ಬೇಕಾದರೂ ಕೇಳಿ ತಿಳಿಯಬಹುದಿತ್ತು. ಕೇಳಲಿಲ್ಲ.

‘ಪಾಠ ಎಲ್ಲಿ ನಿಂತಿತ್ತೋ ಅಲ್ಲೇ ಮುಂದುವರೀಬೇಕು’ ಎನ್ನುತ್ತಿದ್ದರು. ‘ಅದೇ ವಿಶ್ವವಿದ್ಯಾನಿಲಯ. ಅದೇ ಸಂಜೆ ಆರು ಗಂಟೆ. ಆಗ ಹತ್ತು.’

‘ಆಗದಿದ್ರೆ?’ ಎಂದು ಕೇಳಿದೆ.

‘ಒಂಬತ್ತರಲ್ಲೇ ಹೋಗ್ತೀನಿ. ಅವರೇನು ಹತ್ತಕ್ಕೆ ಬಂದ್ರಾ?’

ಅದಾದ ಮೇಲೆ ಎರಡು ವರ್ಷ ಅವರು ಸ್ಟೂಲು ಬಿಟ್ಟೇಳಲಿಲ್ಲ. ಸತ್ಯನಾರಾಯಣ ಪೂಜೆ, ಈದ್ ಊಟ, ಗೃಹಪ್ರವೇಶ, ಪದವಿ ಪಾರ್ಟಿ, ಎಲ್ಲೆಲ್ಲಿ ಶೂಗಳ ರಾಶಿ ಇತ್ತೋ ಅಲ್ಲಲ್ಲಿ ಅವರಿದ್ದರು. ತಿಂಗಳಿಗೊಮ್ಮೆ ಬಲಗಡೆಯ ಲೇನಿನಲ್ಲೇ ಡೆಟ್ರಾಯಿಟ್‌ವರೆಗೆ ಹೋಗಿ ಅಲ್ಲಿನ ರಾಶಿಗಳ ಪಕ್ಕದಲ್ಲೂ ಕೂತು ಬರುತ್ತಿದ್ದರು. ಮಹಾದ್ವಾರಕ್ಕೆಂದು ಕೊಡಬೇಕಿದ್ದವರು ಒಂಟಿಕಾಲಿನಲ್ಲಿ ತೂರಾಡುತ್ತ ಚೀನೀ ಭಾಷೆಗೆ ಚೆಕ್ ಬರೆದರು. ಸಾಲದೆ ಬಿದ್ದದ್ದನ್ನು ಚೀನಾ ಅಂಕಲ್ ತಮ್ಮ ನಿವೃತ್ತಿಯ ಹಣದಿಂದ ತುಂಬಿದರು. ಆಂಟಿ ಗೊಣಗಲಿಲ್ಲ. ‘ಬೇರೆ ಚಟ ಇಲ್ಲವಲ್ಲ’ ಎಂದರು.

ಹಣವೇನೋ ಕೂಡಿತು. ಇನ್ನು ವಿಶ್ವವಿದ್ಯಾನಿಲಯ ಅದನ್ನು ತೆಗೆದುಕೊಳ್ಳಬೇಕಿತ್ತು.

ಆ ಬೇಸಿಗೆಯಲ್ಲಿ ಕುಲಪತಿಗಳು ಶಿಕಾಗೋಗೆ ಬಂದರು. ಮಗಳ ಬಾಣಂತನಕ್ಕೆ ಹೆಂಡತಿಯನ್ನು ಕರೆತಂದಿದ್ದರು. ವಿಶ್ವವಿದ್ಯಾನಿಲಯದ ಕಡತದಲ್ಲಿ ಅದು ‘ಉನ್ನತ ಶಿಕ್ಷಣದ ಅಧ್ಯಯನ ಪ್ರವಾಸ’. ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ ಸನ್ಮಾನವಾಯಿತು. ಪ್ರಾರ್ಥನೆ, ದೀಪ, ಶಾಲು, ಹಣ್ಣಿನ ಬುಟ್ಟಿ, ಡಾಕ್ಟ್ರ ಸ್ವಾಗತ ಭಾಷಣ, ಯಾವುದಕ್ಕೂ ಕೊರತೆಯಿರಲಿಲ್ಲ. ಕುಲಪತಿಗಳು ಒಳ್ಳೆಯವರು, ಸುಸ್ತಾದವರು. ಮೊಮ್ಮಗು ರಾತ್ರಿ ನಿದ್ದೆ ಕೊಡುತ್ತಿರಲಿಲ್ಲವಂತೆ. ಚೀನೀ ಭಾಷೆಯ ಪ್ರಸ್ತಾಪ ಬಂದಾಗ ಅವರು ನಿಜವಾಗಿಯೂ ಮರುಗಿದರು.

‘ನಮ್ಮ ನಿಯಮಾವಳಿ ಬ್ರಿಟಿಷರ ಕಾಲದ್ದು’ ಎಂದು ವಿವರಿಸಿದರು. ‘ಒಂದು ಭಾಷೆ ಕಲಿಸಬೇಕಾದ್ರೆ ಅಧ್ಯಾಪಕರು ಬೇಕು. ಅಧ್ಯಾಪಕರನ್ನ ನೇಮಿಸೋಕೆ ಅಧ್ಯಯನ ಮಂಡಲಿಯ ಶಿಫಾರಸು ಬೇಕು. ಮಂಡಲಿಯಲ್ಲಿ ಇರೋರು, ನಮ್ಮಲ್ಲೇ ಆ ಭಾಷೆ ಕಲಿಸ್ತಾ ಇರೋ ಅಧ್ಯಾಪಕರೇ ಆಗಿರಬೇಕು.’

‘ಅಂದ್ರೆ ಇಲ್ಲದೇ ಇರೋದನ್ನ ಶುರು ಮಾಡೋ ಹಾಗಿಲ್ಲ’ ಎಂದೆ ನಾನು.

‘ಇರೋದನ್ನ ನಿಲ್ಲಿಸೋ ಹಾಗೂ ಇಲ್ಲ’ ಎಂದರು ಕುಲಪತಿಗಳು, ಸಮಾಧಾನ ಹೇಳುವಂತೆ. ‘ಅರವತ್ತೆರಡರಲ್ಲಿ ಅದ್ಹೇಗೆ ನಿಂತಿತೋ ಕಡತ ನೋಡ್ಬೇಕು. ಒಂದು ಕೆಲಸ ಮಾಡೋಣ. ಚೀನೀ ವಿಭಾಗಕ್ಕೆ ಪ್ರಭಾರ ಮುಖ್ಯಸ್ಥರನ್ನ ನೇಮಿಸಬಹುದು, ಅದಕ್ಕೆ ಅಡ್ಡಿ ಇಲ್ಲ. ಸಂಸ್ಕೃತದ ಪ್ರೊಫೆಸರ್ ಒಬ್ಬರಿದ್ದಾರೆ. ನಿವೃತ್ತಿ ಹತ್ತಿರ. ತೊಂದರೆ ಕೊಡೋರಲ್ಲ.’

ಡಾಕ್ಟ್ರು ಚಪ್ಪಾಳೆ ತಟ್ಟಿದರು. ವಿಭಾಗ ಸ್ಥಾಪನೆಯಾಯಿತಲ್ಲ, ಇನ್ನು ಮಹಾದ್ವಾರಕ್ಕೆ ಬರೋಣ ಎಂದರು. ನಾನು ಚೀನಾ ಅಂಕಲ್ ಕಡೆ ನೋಡಿದೆ. ಎಡಗೆನ್ನೆಯ ಮೇಲೆ ಬೆರಳಿರಲಿಲ್ಲ. ಕುರ್ಚಿಯಲ್ಲಿ ಅವರೇ ಇರಲಿಲ್ಲ.

ಮೇಲೆ ಬಂದಾಗ ಸ್ಟೂಲಿನ ಮೇಲಿದ್ದರು. ಕುಲಪತಿಗಳಿಗೆ ಒಂದು ಶೂ ಕೊಟ್ಟರು. ಕುಲಪತಿಗಳು ಗೋಡೆ ಹಿಡಿದು ಅದನ್ನು ಹಾಕಿಕೊಂಡರು. ನಾನು ಬಾಗಿಲು ತೆರೆದು ಹಿಡಿದಿದ್ದೆ.

‘ಸಾರ್, ಒಂದು ಸಂದೇಹ’ ಎಂದರು ಅವರು. ‘ವಿಶ್ವವಿದ್ಯಾನಿಲಯಕ್ಕೆ ಮುಖ್ಯ ಅತಿಥಿಗಳನ್ನ ಕರೆಯೋಕೆ ಯಾರ ಪರ್ಮಿಷನ್ ಬೇಕು?’

‘ಮುಖ್ಯ ಅತಿಥಿಗಾ? ಯಾರದೂ ಬೇಡ. ವಿಭಾಗದ ಮುಖ್ಯಸ್ಥರು ಕರೀತಾರೆ, ಅವರು ಬರ್ತಾರೆ.’

‘ವಿದೇಶದವರಾದ್ರೆ?’

‘ಇನ್ನೂ ಒಳ್ಳೇದು.’

‘ವರ್ಷಕ್ಕೆ ಎಷ್ಟು ಸಲ ಕರೀಬಹುದು?’

‘ಅದಕ್ಕೇನು ಮಿತಿ? ನಮ್ಮಲ್ಲಿ ದಿನಕ್ಕೊಂದು ಸಮಾರಂಭ ಇದ್ದೇ ಇರುತ್ತೆ.’

‘ಒಬ್ಬರನ್ನೇ ದಿನಾ ಕರೆದ್ರೆ?’

ಕುಲಪತಿಗಳು ಕಾಲು ಬದಲಾಯಿಸಲು ಹೋದರು. ಇನ್ನೊಂದು ಕಾಲಿಗೆ ಶೂ ಇರಲಿಲ್ಲ. ಅವರು ಸ್ಟೂಲಿನ ಮೇಲಿದ್ದವರ ಮುಖ ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅರ್ಥವಾದ ಮೇಲೆ ಹೆದರಿಕೆಯಾಯಿತು, ಹೆದರಿಕೆಯ ಹಿಂದೆಯೇ ಒಂದು ಸಣ್ಣ ನಗು ಬಂತು.

‘ಪ್ರಾರ್ಥನೆ, ದೀಪ, ಸ್ವಾಗತ ಭಾಷಣ ಎಲ್ಲಾ ಆಗಬೇಕಾಗುತ್ತೆ’ ಎಂದರು ಮೆಲ್ಲಗೆ.

‘ಆಗಲಿ.’

‘ವಂದನಾರ್ಪಣೆ ತಪ್ಪಿಸೋ ಹಾಗಿಲ್ಲ. ವಂದನಾರ್ಪಣೆ ಇಲ್ಲದಿದ್ರೆ ಆಡಿಟ್‌ನವರು ಅದನ್ನ ಪಾಠ ಅಂತಾರೆ.’

‘ದಿನಾ ವಂದಿಸೋಣ ಸಾರ್.’

‘ನನ್ನ ಇನ್ನೊಂದು ಶೂ?’

ಅವರು ಬೆನ್ನ ಹಿಂದಿನಿಂದ ತೆಗೆದುಕೊಟ್ಟರು.

ಮುಖ್ಯ ಅತಿಥಿ ಆಗಲೇ ನಿಶ್ಚಯವಾಗಿದ್ದರು. ಸ್ಟರ್ಲಿಂಗ್ ಹೈಟ್ಸ್‌ನ ಆ ಡಬ್ಬಿಯ ಜೊತೆಗಾರರ ಹೆಂಡತಿ, ಲಿನ್ ಮೇಡಂ. ಚೀನಾದಲ್ಲಿದ್ದಾಗ ಶಾಲೆಯ ಮೇಡಂ, ಇಲ್ಲಿ ಭಾನುವಾರದ ಚೀನೀ ಶಾಲೆಯ ಜೀವ. ಪುಟ್ಟ ಆಕೃತಿ, ನೇರ ಮಾತು. ‘ನನಗೆ ಸಂಬಳ ಬೇಡ, ಮಕ್ಕಳು ದೊಡ್ಡವರಾದರು, ಗಂಡ ಮೀನು ಹಿಡಿಯಲು ಹೋಗುತ್ತಾನೆ. ಆದರೆ ಹಾರ ಯಾಕೆ?’ ಎಂದು ಕೇಳಿದರು. ಪ್ರವಾಸಿ ವೀಸಾದ ಮೇಲೆ ಹೋದವರಿಗೆ ಸಂಬಳ ಕೊಡುವಂತಿಲ್ಲ, ಶಾಲು ಹೊದಿಸಲು ಅಡ್ಡಿಯಿಲ್ಲ ಎಂದು ನಾವು ಭಾರತದ ಕಾನೂನನ್ನು ನಮಗೆ ತಿಳಿದ ಮಟ್ಟಿಗೆ ವಿವರಿಸಿದೆವು. ಅವರು ಆರು ತಿಂಗಳಿಗೆ ಒಪ್ಪಿಕೊಂಡು, ಚೀನಾ ಅಂಕಲ್ ಮುಂದೆ ಬೆರಳು ಆಡಿಸಿ ಹೇಳಿದರು: ‘ಹತ್ತು ನಿನಗೆ ನಾನೇ ಹೇಳುತ್ತೇನೆ. ಅಲ್ಲಿಗೆ ಬಾ.’

ಅಂಕಲ್ ಕೂಡ ಹೋಗುವುದೆಂದು ಟಿಕೆಟ್ ಆಗಿತ್ತು. ಹೊರಡುವುದಕ್ಕೆ ಮುಂಚೆ ಎದೆ ಹಿಡಿದುಕೊಂಡಿತು. ಡಾಕ್ಟ್ರೇ ಆಪರೇಷನ್ ಮಾಡಿಸಿದರು, ಡಾಕ್ಟ್ರೇ ವಿಮಾನ ಹತ್ತಬಾರದೆಂದರು.

‘ಎಷ್ಟು ದಿನ?’

‘ಇನ್ನು ಹತ್ತಬಾರದು ಸಾರ್. ಹಾರ್ಟ್‌ನಲ್ಲಿ ಬಲ ಇಲ್ಲ.’

ಅವರು ಆಸ್ಪತ್ರೆಯ ಹಾಸಿಗೆಯಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಮಲಗಿದ್ದರು. ಕೆನ್ನೆ ಒತ್ತಿ ಹಿಡಿಯಲು ಕೈಯೆತ್ತಿದರೆ ಕೈಯಲ್ಲಿ ಡ್ರಿಪ್ಪಿನ ಸೂಜಿ. ‘ನೀವು ಮಹಾದ್ವಾರದ ಸೇಡು ತೀರಿಸ್ಕೊಂಡ್ರಿ ಡಾಕ್ಟ್ರೇ’ ಎಂದರು. ಡಾಕ್ಟ್ರಿಗೆ ನಗಲು ಆಗಲಿಲ್ಲ. ಹೊರಗೆ ಬಂದು ಕಾರಿಡಾರಿನಲ್ಲಿ ನನಗೆ, ‘ಅವರಿಗೆ ಫೋನಲ್ಲಿ ಕೇಳ್ಸಿ. ತಡ ಮಾಡಬೇಡಿ’ ಎಂದರು.

ಅಲ್ಲಿನ ಸಂಜೆ ಆರು ಎಂದರೆ ನಮಗೆ ಬೆಳಗಿನ ಕಾಫಿಯ ಹೊತ್ತು. ಮೊದಲ ದಿನದ ಕಾರ್ಯಕ್ರಮಕ್ಕೆ ನಾವು ಅವರ ಅಡುಗೆಮನೆಯ ಮೇಜಿನ ಸುತ್ತ ಕೂತೆವು: ಅವರು, ಆಂಟಿ, ಖಾಜಾಸಾಹೇಬರು, ನಾನು. ಫೋನಿನ ಸ್ಪೀಕರ್ ಹಾಕಿ, ಇಂಡಿಯನ್ ಗ್ರಾಸರಿಯಿಂದ ತಂದ, ಇಷ್ಟು ನಿಮಿಷಕ್ಕೆ ಇಷ್ಟು ಎಂಬ ಕಾಲಿಂಗ್ ಕಾರ್ಡಿನ ನಂಬರು ಒತ್ತಿದೆ. ಅಲ್ಲಿ ವೇದಿಕೆಯ ಮೇಲೆ ಯಾರದೋ ಮೊಬೈಲು ತೆರೆದಿಟ್ಟಿದ್ದರು. ಪ್ರಾರ್ಥನೆ ಕೇಳಿಸಿತು. ದೀಪ ಹಚ್ಚುವಾಗ ಗಾಳಿಗೆ ಆರಿ ಮತ್ತೆ ಹಚ್ಚಿದ್ದು ಕೇಳಿಸಿತು. ಆಮೇಲೆ ಪ್ರಭಾರ ಮುಖ್ಯಸ್ಥರಾದ ಸಂಸ್ಕೃತದ ಪ್ರೊಫೆಸರರ ಸ್ವಾಗತ ಭಾಷಣ. ಗಂಭೀರ ಕಂಠ. ಭಾರತ-ಚೀನಾ ಸಂಬಂಧವನ್ನು ಅವರು ಬುದ್ಧನ ಜನನದಿಂದ ಹಿಡಿದರು. ಬುದ್ಧ ಮನೆ ಬಿಟ್ಟು ಹೊರಟ. ಜ್ಞಾನೋದಯವಾಯಿತು. ಭಿಕ್ಷುಗಳು ಹಿಮಾಲಯದ ಬುಡಕ್ಕೆ ಬಂದು ಬೆಟ್ಟ ಹತ್ತತೊಡಗಿದರು. ಅಲ್ಲಿಗೆ ಕಾರ್ಡು ಮುಗಿಯಿತು.

‘ಭಿಕ್ಷುಗಳು ಗುಡ್ಡದಾಗ ಸಿಕ್ಕಬಿದ್ರು’ ಎಂದರು ಖಾಜಾಸಾಹೇಬರು. ‘ಈ ಕಾರ್ಡ್ ಯಾಕ ತಂದ್ರಿ ಸರ? ಇದು ಮಾತಾಡೂಕಿಂತ ಮೊದ್ಲ ನಿಮಿಷಾ ತಿಂತೈತಿ. ನನ್ನ ಅಂಗಡ್ಯಾಗ ಛಲೋದೈತಿ, ನಾ ತರತೀನಿ.’

‘ಇನ್ನೊಂದು ತಂದು ಇವತ್ತೇ ಮಾಡೋಣವಾ?’ ಎಂದೆ.

‘ಬೇಡ’ ಎಂದರು ಅವರು. ‘ಹತ್ತು ನಾಳೆ ಅನ್ನೋದು ನನಗೆ ಅಭ್ಯಾಸ ಇದೆ.’ ಕಾಫಿ ತಣ್ಣಗಾಗಿತ್ತು. ಕುಡಿಯಲಿಲ್ಲ. ಆಂಟಿ ಲೋಟ ತೆಗೆದುಕೊಂಡು ಹೋಗಿ ಸಿಂಕಿನ ಮುಂದೆ ಬಹಳ ಹೊತ್ತು ನಿಂತರು.

ನಾಳೆ ಎಂದದ್ದು ವಾರಗಟ್ಟಲೆಯಾಯಿತು. ಮತ್ತೆ ಆಸ್ಪತ್ರೆ, ಮತ್ತೆ ಮನೆ. ಆ ನಡುವೆ ಲಿನ್ ಮೇಡಂ ಈಮೇಲಿನಲ್ಲಿ ಸಮಾಚಾರ ಕಳಿಸುತ್ತಿದ್ದರು. ಮೊದಲ ವಾರ ದಿನವೂ ಹೊಸ ಶಾಲು ಹೊದಿಸಿದರು. ಎರಡನೆಯ ವಾರದಿಂದ ಕಚೇರಿಯವರು ಮಿತವ್ಯಯ ಕೈಗೊಂಡು, ಹೊದಿಸಿದ ಶಾಲನ್ನೇ ವಾಪಸು ಪಡೆದು ಮರುದಿನ ಹೊದಿಸತೊಡಗಿದರು. ಹಣ್ಣಿನ ಬುಟ್ಟಿಯದೂ ಅದೇ ಗತಿ. ಅದರೊಳಗಿನ ಸೇಬುಗಳು ಬಹಳ ಸುಕ್ಕಾದ ಮೇಲೆ ಅವರೇ ನಾಚಿ ಪ್ಲಾಸ್ಟಿಕ್ ಸೇಬು ತಂದರು. ಸ್ವಾಗತಕ್ಕೂ ವಂದನೆಗೂ ನಡುವೆ ಸಿಗುವ ಸಮಯದಲ್ಲಿ ಲಿನ್ ಮೇಡಂ ‘ಭಾಷಣ’ ಮಾಡುತ್ತಿದ್ದರು. ಸಭಿಕರು ಅದನ್ನು ನೋಟ್ಸ್ ಬರೆದುಕೊಂಡು ಒಕ್ಕೊರಲಿನಿಂದ ಮರಳಿ ಹೇಳುತ್ತಿದ್ದರು. ಮೊದಮೊದಲು ಸಮಾರಂಭದ ನಂತರದ ಉಪ್ಪಿಟ್ಟಿಗಾಗಿ ಬಂದವರೂ ಇದ್ದರು. ಉಪ್ಪಿಟ್ಟು ನಿಂತ ಮೇಲೂ ಹಲವರು ಉಳಿದರು. ಇನ್ನೊಂದು ಮಾತನ್ನು ಮೇಡಂ ಅರ್ಥವಾಗದೆ ಬರೆದಿದ್ದರು: ‘ಸ್ವಾಗತ ಭಾಷಣ ಮಾಡುವ ಮುದುಕರು ದಿನವೂ ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ, ಎದ್ದುಹೋಗುವಂತಿಲ್ಲವಂತೆ. ಅವರ ಉಚ್ಚಾರಣೆ ಎಲ್ಲರಿಗಿಂತ ಚೆನ್ನಾಗಿದೆ.’

ಎರಡನೆಯ ಸಲ ಫೋನ್ ಮಾಡಿದಾಗ ಹೊರಗೆ ಮೊದಲ ಹಿಮ ಬಿದ್ದಿತ್ತು. ಚೀನಾ ಅಂಕಲ್ ಮೇಜಿಗೆ ಬರುವಂತಿರಲಿಲ್ಲ. ಮಂಚದ ಪಕ್ಕದಲ್ಲೇ ಫೋನಿಟ್ಟೆವು. ಖಾಜಾಸಾಹೇಬರು ತಮ್ಮ ಅಂಗಡಿಯ ‘ಛಲೋ’ ಕಾರ್ಡುಗಳನ್ನು ಜೇಬು ತುಂಬ ತಂದಿದ್ದರು, ಡಾಕ್ಟ್ರು ಕ್ಲಿನಿಕ್ಕಿಗೆ ತಡವಾದರೂ ಬಂದು ಬಾಗಿಲಲ್ಲಿ ನಿಂತಿದ್ದರು. ಪ್ರಾರ್ಥನೆಯಾಯಿತು. ದೀಪವಾಯಿತು. ಸ್ವಾಗತ ಭಾಷಣ ಎಂದಾಗ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪ್ರೊಫೆಸರರು ಎದ್ದು ಚೀನೀ ಭಾಷೆಯಲ್ಲಿ ನಾಲ್ಕು ವಾಕ್ಯ ಹೇಳಿ ಕೂತರು. ಅವರಿಗೆ ಆ ಭಾಷೆಯಲ್ಲಿ ಬುದ್ಧನವರೆಗೆ ಹೋಗುವಷ್ಟು ಇನ್ನೂ ಬರುತ್ತಿರಲಿಲ್ಲ.

‘ನೋಡಿದ್ರಾ?’ ಎಂದು ಚೀನಾ ಅಂಕಲ್ ನನಗೆ ಪಿಸುಗುಟ್ಟಿದರು. ‘ಚೀನೀ ಭಾಷೆ ಯಾಕೆ ಅಂತ ಕೇಳ್ತಿದ್ರಲ್ಲ.’

ಲಿನ್ ಮೇಡಂ ಏನೋ ಹೇಳಿದರು. ಸಭೆ ಎಣಿಸತೊಡಗಿತು. ಒಂದು, ಎರಡು, ಮೂರು. ಇವರ ತುಟಿಯೂ ಅವರ ಜೊತೆ ಅಲ್ಲಾಡುತ್ತಿತ್ತು. ಒಂಬತ್ತಕ್ಕೆ ಸಭೆ ನಿಂತಿತು. ಹಾಗೆಂದು ಮೊದಲೇ ಹೇಳಿಟ್ಟಿದ್ದರೆಂದು ಕಾಣುತ್ತದೆ. ಯಾರೋ ಕೆಮ್ಮಿದರು. ಆಮೇಲೆ ಲಿನ್ ಮೇಡಂ ಒಬ್ಬರೇ, ಮೈಕಿಗೆ ಹತ್ತಿರ ಬಂದು, ನಿಧಾನವಾಗಿ ಹತ್ತು ಹೇಳಿದರು.

ಅವರು ಕಿವಿ ಮುಚ್ಚಿಕೊಳ್ಳಲಿಲ್ಲ. ಒಮ್ಮೆ ಬಾಯೊಳಗೆ ಹೇಳಿಕೊಂಡರು. ಇನ್ನೊಮ್ಮೆ ಸ್ವಲ್ಪ ಗಟ್ಟಿಯಾಗಿ, ಎಡಗೆನ್ನೆ ಹಿಡಿದುಕೊಂಡು.

‘ಇಷ್ಟೇನಾ?’ ಎಂದರು.

‘ಮತ್ತಿನ್ನೇನಿರುತ್ತೆ ರೀ?’ ಎಂದರು ಆಂಟಿ.

‘ಹನ್ನೊಂದು ಹೇಗಂತೆ ಕೇಳಿ.’

ಆದರೆ ಅಲ್ಲಿ ವಂದನಾರ್ಪಣೆ ಶುರುವಾಗಿಬಿಟ್ಟಿತ್ತು. ಮಾನ್ಯ ಕುಲಪತಿಗಳಿಗೆ, ಮುಖ್ಯ ಅತಿಥಿಗಳಿಗೆ, ಧ್ವನಿವರ್ಧಕದವರಿಗೆ, ದೀಪಕ್ಕೆ ಎಣ್ಣೆ ಒದಗಿಸಿದವರಿಗೆ, ‘ದೂರದ ಅಮೆರಿಕ ದೇಶದಿಂದ ದೂರವಾಣಿಯ ಮೂಲಕ ಪಾಲ್ಗೊಂಡ ನಮ್ಮ ಅತ್ಯಂತ ಹಳೆಯ ವಿದ್ಯಾರ್ಥಿಗೆ’. ಖಾಜಾಸಾಹೇಬರ ಕಾರ್ಡು ಕೊನೆಯವರೆಗೂ ನಿಂತಿತು.

ಸಂಕ್ರಾಂತಿಗೆ ಚೀನಾ ಅಂಕಲ್ ಇರಲಿಲ್ಲ. ಅಂತ್ಯಕ್ರಿಯೆಯ ನಂತರ ಎಲ್ಲರೂ ಅವರ ಮನೆಗೆ ಬಂದರು, ಡೆಟ್ರಾಯಿಟ್‌ನವರೂ ಬಂದರು. ಹೊರಡುವಾಗ ಬಾಗಿಲಿನಲ್ಲಿ ಶೂಗಳ ದೊಡ್ಡ ರಾಶಿ. ಗಿಡ್ಡ ಸ್ಟೂಲು ಅಲ್ಲೇ ಇತ್ತು. ಯಾರೂ ಅದರ ಮೇಲೆ ಕೂರಲಿಲ್ಲ. ಎಲ್ಲರೂ ತಮ್ಮ ತಮ್ಮದನ್ನು ತಾವೇ ಹುಡುಕಿಕೊಂಡರು. ಬಹಳ ಹೊತ್ತು ಹಿಡಿಯಿತು. ಡಾಕ್ಟ್ರು ಒಂದು ಕಾಲಿಗೆ ಶೂ ಹಾಕಿಕೊಂಡವರು ಹಾಗೆಯೇ ನಿಂತು, ‘ಆ ಮಹಾದ್ವಾರಕ್ಕೆ ಅಂತ ಉಳಿದಿರೋ ದುಡ್ಡಿದೆಯಲ್ಲ...’ ಎಂದರು. ಮುಂದೆ ಹೇಳುವ ಅಗತ್ಯ ಬೀಳಲಿಲ್ಲ. ಡೆಟ್ರಾಯಿಟ್‌ನವರು ತಲೆಯಾಡಿಸಿದರು.

ಲಿನ್ ಮೇಡಂ ಆರು ತಿಂಗಳು ಮುಗಿಸಿ ಬಂದರು. ಅವರ ಭಾನುವಾರದ ಶಾಲೆಯ ಬೇರೆ ಬೇರೆ ಮೇಡಂಗಳು ಸರದಿಯ ಮೇಲೆ ಹೋಗಿಬರುತ್ತಿದ್ದಾರೆ. ಸಂಸ್ಕೃತದ ಪ್ರೊಫೆಸರರು ನಿವೃತ್ತರಾಗಿ, ಈಗ ಸಭಿಕರ ಮೊದಲ ಸಾಲಿನಲ್ಲಿ ಕೂರುತ್ತಾರೆ. ಅಧ್ಯಯನ ಮಂಡಲಿ ರಚನೆಯಾಗಿಲ್ಲ. ಚೀನೀ ವಿಭಾಗದ ವಿಧ್ಯುಕ್ತ ಉದ್ಘಾಟನೆ ಇನ್ನೂ ಆಗಬೇಕಿದೆ. ತರಗತಿ ಸಂಜೆ ಆರು ಗಂಟೆಗೆ.